ಸ್ವತಂತ್ರ ಪಕ್ಷಕ್ಕೆ ವೋಟು ಹಾಕಿದವರು ಯಾರು? 44 ಸೀಟು ಗೆದ್ದ ಪಕ್ಷ ಏಳೇ ವರ್ಷದಲ್ಲಿ ಮಾಯ ಆಗಿದ್ದು ಹೇಗೆ?

ದುರ್ಗದ_ಹೈದ
ರಾಜಾಜಿ (ಸಿ. ರಾಜಗೋಪಾಲಾಚಾರಿ) 1959ರಲ್ಲಿ ಕಟ್ಟಿದ ಸ್ವತಂತ್ರ ಪಕ್ಷದ ಬಗ್ಗೆ ಓದುತ್ತಾ ಇದ್ದೇನೆ. ಕಾಂಗ್ರೆಸ್ ಬೇಡ, ಕಮ್ಯುನಿಸ್ಟರು ಬೇಡ, ಜನಸಂಘವೂ ಬೇಡ ಅನ್ನುವವರಿಗೆ ಅಂತ ಇದ್ದ ಬಲಪಂಥೀಯ ಪಕ್ಷ. 1962ರ ಲೋಕಸಭೆಯಲ್ಲಿ 18 ಸೀಟು. 1967ರಲ್ಲಿ 44, ವಿರೋಧ ಪಕ್ಷಗಳಲ್ಲೇ ದೊಡ್ಡದು. 1971ರಲ್ಲಿ ಬರೀ 8. 1974ರಲ್ಲಿ ಚರಣ್ ಸಿಂಗ್ ಅವರ ಭಾರತೀಯ ಲೋಕದಳದ ಒಳಗೆ ಸೇರಿಹೋಯಿತು.

ನನ್ನ ತಲೆ ಕೊರೆಯುತ್ತಿರುವುದು ಇದು. 1967ರಲ್ಲಿ ನಮ್ಮ ಚಿತ್ರದುರ್ಗದಿಂದ ಲೋಕಸಭೆಗೆ ಹೋದವರು ಇದೇ ಪಕ್ಷದ ಮಹಮದ್ ಇಮಾಂ. ಆದರೆ 1957ರಲ್ಲಿ ಅವರೇ ಇದೇ ಕ್ಷೇತ್ರದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದಿಂದ ಗೆದ್ದಿದ್ದರು! ಒಂದು ಸಲ ಸಮಾಜವಾದಿ, ಇನ್ನೊಂದು ಸಲ ಸಮಾಜವಾದ ಅಂದರೆ ಆಗದ ಪಕ್ಷ. ವೋಟು ಹಾಕಿದವರಿಗೆ ಇದರಲ್ಲಿ ಏನೂ ವಿಚಿತ್ರ ಅನ್ನಿಸಲಿಲ್ವಾ? ಜನ ಸಿದ್ಧಾಂತ ನೋಡಿ ವೋಟು ಹಾಕಿದರೋ, ಮುಖ ನೋಡಿ ಹಾಕಿದರೋ?

ಕೆಂಪು_ಮಣ್ಣು
ಮುಖ ನೋಡಿ. ಅದೂ ರಾಜರ ಮುಖ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಪರ್ಮಿಟ್_ಬೇಡ
ಶುರುವಾಯ್ತು ನೋಡಿ. ಸ್ವತಂತ್ರ ಅಂದ ತಕ್ಷಣ ‘ರಾಜರ ಪಕ್ಷ’. ಅದು ನೆಹರೂ ಕಾಲದಿಂದ ಬಂದ ಹಳೇ ಬೈಗುಳ.

ಪಕ್ಷ ಹುಟ್ಟಿದ್ದು ರಾಜರಿಂದ ಅಲ್ಲ. 1959ರ ಜನವರಿಯಲ್ಲಿ ನಾಗಪುರದಲ್ಲಿ ಕಾಂಗ್ರೆಸ್ ಅಧಿವೇಶನ ಆಯಿತು. ಅಲ್ಲಿ ಸಹಕಾರಿ ಕೂಡು ಬೇಸಾಯದ ನಿರ್ಣಯ ಪಾಸಾಯಿತು. ಅಂದರೆ ರೈತರು ಹೊಲ ಒಟ್ಟು ಹಾಕಿ ಸೇರಿ ಉಳಬೇಕು, ಜೊತೆಗೆ ಭೂಮಿಗೆ ಮಿತಿ ಬೇರೆ. ಇದನ್ನು ಮೊದಲು ಎದುರಿಸಿದವರು ಎನ್.ಜಿ. ರಂಗಾ. ಅವರು ಆಂಧ್ರದ ರೈತ ನಾಯಕ, ಯಾವ ಸಂಸ್ಥಾನದ ರಾಜರೂ ಅಲ್ಲ. ಪಕ್ಷದ ಅಧ್ಯಕ್ಷರಾದವರು ಅವರೇ. ಮೀನೂ ಮಸಾನಿ ಒಂದು ಕಾಲದ ಸೋಷಲಿಸ್ಟ್, ರಷ್ಯಾದಲ್ಲಿ ನಡೆದಿದ್ದನ್ನು ನೋಡಿ ತಿರುಗಿ ಬಿದ್ದವರು. ಕೆ.ಎಂ. ಮುನ್ಷಿ ಇದ್ದರು. ರಾಜಾಜಿ ಅಂತೂ ಆಗಲೇ 80 ದಾಟಿದ ಮುದುಕ. ಆ ವಯಸ್ಸಲ್ಲಿ ಮಂತ್ರಿ ಆಗೋ ಆಸೆಗೆ ಯಾರಾದರೂ ಪಕ್ಷ ಕಟ್ಟುತ್ತಾರಾ?

‘ಲೈಸೆನ್ಸ್ ಪರ್ಮಿಟ್ ರಾಜ್’ ಅಂತ ಇವತ್ತು ಎಲ್ಲರೂ ಆಡುತ್ತೀರಲ್ಲ, ಆ ಮಾತಿಗೆ ಚಾಲ್ತಿ ಕೊಟ್ಟವರೇ ಅವರು.

ಕೆಂಪು_ಮಣ್ಣು
ಮೇಲೆ ಕೂತವರು ಪಂಡಿತರು ಅಂತ ಒಪ್ಪಿದೆ. ಸೀಟು ಎಲ್ಲಿ ಬಂತು, ಅದನ್ನು ಹೇಳಿ.

ಲೆಕ್ಕದ_ಮೇಷ್ಟ್ರು
ಸೀಟಿನ ಲೆಕ್ಕ ನಾನು ಹೇಳುತ್ತೇನೆ, ಆಮೇಲೆ ಜಗಳ ಆಡಿ.

1967ರ ಲೋಕಸಭೆ: ಗುಜರಾತಿನ 24ರಲ್ಲಿ 12 ಸ್ವತಂತ್ರಕ್ಕೆ. ಕಾಂಗ್ರೆಸ್ಸಿಗೆ 11. ಅಂದರೆ ಒಂದು ರಾಜ್ಯದಲ್ಲಿ ಕಾಂಗ್ರೆಸ್ಸನ್ನೇ ಹಿಂದೆ ಹಾಕಿದ್ದರು. ರಾಜಸ್ಥಾನ, ಒಡಿಶಾ ಎರಡರಲ್ಲೂ ಒಳ್ಳೆ ಫಸಲು. ತಮಿಳುನಾಡಿನಲ್ಲಿ ಡಿಎಂಕೆ ಜೊತೆ ಸೇರಿ ಒಂದಿಷ್ಟು. ನಮ್ಮ ಮೈಸೂರು ರಾಜ್ಯದ 27ರಲ್ಲಿ 5. ಹಾಸನ, ಚಿತ್ರದುರ್ಗ, ಉಡುಪಿ, ರಾಯಚೂರು ಎಲ್ಲ ಅದರಲ್ಲೇ ಬಂದವು.

ವಿಧಾನಸಭೆಗಳು: ಗುಜರಾತ್ 168ರಲ್ಲಿ 66. ಒಡಿಶಾ 140ರಲ್ಲಿ 49, ಅಲ್ಲಿ ಆರ್.ಎನ್. ಸಿಂಗ್ ದೇವ್ ಮುಖ್ಯಮಂತ್ರಿಯೇ ಆದರು. ರಾಜಸ್ಥಾನ 48. ಮೈಸೂರು 216ರಲ್ಲಿ 16.

ಇನ್ನೊಂದು ತಮಾಷೆ. ದೇಶದ ಒಟ್ಟು ಮತ ನೋಡಿದರೆ ಸ್ವತಂತ್ರಕ್ಕೆ 8.67 ಪರ್ಸೆಂಟ್, ಜನಸಂಘಕ್ಕೆ 9 ಪರ್ಸೆಂಟಿಗೂ ಜಾಸ್ತಿ. ಆದರೆ ಸೀಟು 44 ಮತ್ತು 35! ಜನಸಂಘದ ವೋಟು ಎಲ್ಲ ಕಡೆ ಚದುರಿತ್ತು. ಸ್ವತಂತ್ರದ್ದು ಕೆಲವೇ ಕಡೆ ಗಟ್ಟಿಯಾಗಿ ಕೂತಿತ್ತು.

ಕೆಂಪು_ಮಣ್ಣು
ಥ್ಯಾಂಕ್ಸ್ ಮೇಷ್ಟ್ರೇ, ನನ್ನ ಕೆಲಸ ಸುಲಭ ಮಾಡಿದಿರಿ. ಒಡಿಶಾ: ಅಲ್ಲಿ ರಾಜರೇ ಕಟ್ಟಿದ್ದ ಗಣತಂತ್ರ ಪರಿಷತ್ ಇಡಿಯಾಗಿ ಸ್ವತಂತ್ರದ ಒಳಗೆ ಬಂತು. ಸಿಂಗ್ ದೇವ್ ಯಾರು? ಬಲಾಂಗೀರ್ ಕಡೆಯ ಪಟ್ನಾ ಸಂಸ್ಥಾನದ ಮಹಾರಾಜ. ರಾಜಸ್ಥಾನ: ಜೈಪುರದ ಮಹಾರಾಣಿ ಗಾಯತ್ರಿ ದೇವಿ. 1962ರಲ್ಲಿ ಬಿಹಾರದಲ್ಲಿ 50 ಶಾಸಕರು ಬಂದರಲ್ಲ, ಅದು ಯಾರ ದಯೆ? ರಾಮಗಢದ ರಾಜ. ಅವರು ಪಕ್ಷ ಬಿಟ್ಟರು, ಬಿಹಾರದಲ್ಲಿ ಪಕ್ಷವೂ ಹೋಯಿತು. ಇದಕ್ಕಿಂತ ಸಾಕ್ಷಿ ಬೇಕಾ?

ಬಿಸಿಲು_ರಾಯಚೂರು
ನಮ್ಮ ರಾಯಚೂರಿನಲ್ಲಿ 1967ರಲ್ಲಿ ಗೆದ್ದವರ ಹೆಸರು ರಾಜಾ ವೆಂಕಟಪ್ಪ ನಾಯಕ. ಹೆಸರಲ್ಲೇ ‘ರಾಜಾ’ ಇದೆ. ನಾನು ಏನೂ ಹೇಳಿಲ್ಲಪ್ಪ 😄

ಪರ್ಮಿಟ್_ಬೇಡ
ಹಾಗಾದರೆ ಗುಜರಾತ್? ಅಲ್ಲಿ ಪಕ್ಷ ಕಟ್ಟಿದವರು ಭಾಯಿಕಾಕಾ, ಅಂದರೆ ಭಾಯ್‌ಲಾಲ್‌ಭಾಯಿ ಪಟೇಲ್. ವಲ್ಲಭ ವಿದ್ಯಾನಗರ ಕಟ್ಟಿದ ಇಂಜಿನಿಯರ್. ಅವರ ಹಿಂದೆ ನಿಂತವರು ಖೇಡಾ ಕಡೆಯ ಪಾಟೀದಾರ್ ರೈತರು. ಆಂಧ್ರದಲ್ಲಿ ರಂಗಾ ಹಿಂದೆ ನಿಂತವರು ಕರಾವಳಿಯ ಕಮ್ಮ ರೈತರು. ಇವರೆಲ್ಲ ಸ್ವಂತ ಜಮೀನು ಇದ್ದ, ಕಾಲುವೆ ನೀರು ಕಂಡ, ನಾಲ್ಕು ಕಾಸು ಉಳಿಸಿದ ಜನ. ತಮ್ಮ ಹೊಲವನ್ನು ಸರ್ಕಾರಿ ಸೊಸೈಟಿಗೆ ಸೇರಿಸುತ್ತಾರೆ ಅಂದಾಗ ಎದ್ದು ನಿಂತರು. ಇವರಿಗೆ ಕಿರೀಟ ಎಲ್ಲಿತ್ತು?

ಸುಮಾ_ಚನ್ನರಾಯಪಟ್ಟಣ
ನಮ್ಮ ಹಾಸನ ಜಿಲ್ಲೆಯ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮನೆಯಲ್ಲಿ ಯಾರೂ ರಾಜಾಜಿ ಬರೆದದ್ದು ಓದಿದವರಲ್ಲ. ನಮ್ಮ ಅಜ್ಜಿ ಹೇಳುತ್ತಿದ್ದುದು ಒಂದೇ ವಿಷಯ, ಲೆವಿ.

ಅರವತ್ತೈದು ಅರವತ್ತಾರರ ಬರಗಾಲ. ಇಷ್ಟು ಎಕರೆ ಗದ್ದೆ ಇದ್ದರೆ ಇಷ್ಟು ಪಲ್ಲ ಭತ್ತ ಸರ್ಕಾರಕ್ಕೆ ಅಳೆಯಬೇಕು, ಅದೂ ಅವರು ಹೇಳಿದ ರೇಟಿಗೆ. ಸಂತೆಯಲ್ಲಿ ರೇಟು ಬೇರೆಯೇ ಇರುತ್ತಿತ್ತು. ಮಗಳ ಮನೆಗೆ ಎರಡು ಮೂಟೆ ಕಳಿಸಬೇಕು ಅಂದರೂ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸುತ್ತಿದ್ದರಂತೆ. ಅಳತೆಗೆ ಬರುತ್ತಾರೆ ಅಂತ ಸುದ್ದಿ ಬಂದರೆ ಅಜ್ಜಿ ಭತ್ತ ತುಂಬಿಡುವ ವಾಡೆಯ ಬಾಯಿಗೆ ಮೇಲೆ ಒಂದು ಗೇಣು ಹೊಟ್ಟು ತುಂಬಿ, ಸಗಣಿ ಮಣ್ಣು ಮೆತ್ತಿ ಬಿಡೋರು. ಬಂದವರು ಕೋಲಿನಿಂದ ತಟ್ಟಿ ನೋಡಿ, ಕಾಫಿ ಕುಡಿದು ಹೋಗೋರು. ಕಾಫಿ ಜೊತೆ ಇನ್ನೂ ಏನೇನು ಹೋಗುತ್ತಿತ್ತು ಅಂತ ನಾನು ಬರೆಯಲ್ಲ.

ಆ ಸಲ ಅಜ್ಜ ಸ್ವತಂತ್ರದ ನಕ್ಷತ್ರದ ಗುರುತಿಗೆ ಹಾಕಿದ್ದು ಇದೇ ಸಿಟ್ಟಿಗೆ. ‘ಮುಕ್ತ ಮಾರುಕಟ್ಟೆ’ ಅಂತ ಯಾರಾದರೂ ಅವರಿಗೆ ಹೇಳಿದ್ದರೆ ‘ಅದ್ಯಾವ ಊರಿನ ಸಂತೆ’ ಅಂತ ಕೇಳುತ್ತಿದ್ದರು.

ದುರ್ಗದ_ಹೈದ
ಸುಮಾ ಮೇಡಂ, ಇದೇ ನಾನು ಕೇಳಿದ್ದು. ಪುಸ್ತಕದಲ್ಲಿ ಸಿಗದ ಮಾತು. ಅಂದರೆ ಸಿದ್ಧಾಂತ ಗೊತ್ತಿಲ್ಲ, ಆದರೆ ಸಿದ್ಧಾಂತ ಹೇಳೋ ಕಷ್ಟ ಚೆನ್ನಾಗಿ ಗೊತ್ತು.

ಮಲ್ಪೆ_ಮಾರಾಯ
ಉಡುಪಿ ಕಥೆಯೂ ಕೇಳಿ ಮಾರಾಯ್ರೆ. 1967ರಲ್ಲಿ ಇಲ್ಲಿ ಗೆದ್ದವರು ಜೆ.ಎಂ. ಲೋಬೋ ಪ್ರಭು. ಐಸಿಎಸ್ ಅಧಿಕಾರಿ ಆಗಿದ್ದವರು. ಅವರೇನು ರಾಜರಲ್ಲ. ಇಲ್ಲಿ ಸಂಸ್ಥಾನವೂ ಇಲ್ಲ, ಮದ್ರಾಸ್ ಸರ್ಕಾರದ ಜಿಲ್ಲೆ ಆಗಿತ್ತು.

ಇಲ್ಲಿ ಎರಡು ವಿಷಯ ಕೆಲಸ ಮಾಡಿತು. ಒಂದು ಚಿನ್ನ. ಚೀನಾ ಯುದ್ಧ ಆದ ಮೇಲೆ 1963ರ ಜನವರಿಯಲ್ಲಿ ಹಣಕಾಸು ಮಂತ್ರಿ ಮೊರಾರ್ಜಿ ಚಿನ್ನ ನಿಯಂತ್ರಣ ತಂದರಲ್ಲ. 14 ಕ್ಯಾರೆಟಿಗಿಂತ ಜಾಸ್ತಿ ಶುದ್ಧದ ಒಡವೆ ಹೊಸದಾಗಿ ಮಾಡುವ ಹಾಗಿಲ್ಲ! 14 ಕ್ಯಾರೆಟಿನ ಕರಿಮಣಿ ಯಾರು ಕಟ್ಟಿಕೊಳ್ಳುತ್ತಾರೆ? ನಮ್ಮ ಆಚಾರಿಗಳ ಕೆಲಸವೇ ನಿಂತುಹೋಯಿತು. ಕುಲುಮೆ ಆರಿಸಿ ಬೀಡಿ ಕಟ್ಟುವುದಕ್ಕೆ ಕೂತವರಿದ್ದಾರೆ. ಸ್ವತಂತ್ರದವರು ಇದನ್ನು ವಿರೋಧಿಸಿದ್ದರು.

ಎರಡನೆಯದು ಭೂಮಿ. 1961ರ ಭೂಸುಧಾರಣಾ ಕಾಯ್ದೆ ತಲೆಯ ಮೇಲೆ ತೂಗುತ್ತಿತ್ತು. ಗೇಣಿ ಅಕ್ಕಿಯಲ್ಲೇ ಮನೆ ನಡೆಸುತ್ತಿದ್ದವರಿಗೆ ಹೆದರಿಕೆ. ನಮ್ಮದೂ ಅಂಥದೇ ಸಣ್ಣ ಮನೆ. ದೊಡ್ಡ ಧಣಿಗಳೇನಲ್ಲ, ಒಂದು ವಿಧವೆ ಅಜ್ಜಿ, ಎರಡು ಒಕ್ಕಲು, ವರ್ಷಕ್ಕೆ ಇಷ್ಟು ಮುಡಿ ಅಕ್ಕಿ. ಅವರನ್ನೆಲ್ಲ ಜಮೀನ್ದಾರರು ಅಂತ ಬೈದರೆ ಏನು ಹೇಳುವುದು?

ಕುಂದಾಪ್ರ_ಒಕ್ಲು
ಆ ಮುಡಿ ಹೊತ್ತು ತಂದು ಅಂಗಳದಲ್ಲಿ ಇಳಿಸಿದವರು ನಮ್ಮ ಕಡೆಯವರು ಮಾರಾಯ್ರೆ. ಅವರ ಕಥೆಯನ್ನೂ ಒಂದು ಸಾಲು ಬರೆಯಿರಿ.

ನಮ್ಮ ಅಪ್ಪ ಹೇಳುತ್ತಿದ್ದರು, ಗೇಣಿ ಅಳೆಯುವ ಕಳಸಿಗೆ ಬೇರೆ, ಸಾಲ ಕೊಡುವಾಗ ಅಳೆಯುವ ಕಳಸಿಗೆ ಬೇರೆ. ಯಾವುದು ದೊಡ್ಡದು ಅಂತ ಕೇಳಬೇಡಿ. ಮಳೆ ಕೈಕೊಟ್ಟ ವರ್ಷವೂ ಗೇಣಿ ಕಮ್ಮಿ ಇಲ್ಲ. 1974ರಲ್ಲಿ ದೇವರಾಜ ಅರಸು ಉಳುವವನಿಗೇ ಭೂಮಿ ಅಂತ ತಿದ್ದುಪಡಿ ತಂದ ಮೇಲೆ ಡಿಕ್ಲರೇಶನ್ ಕೊಡಲು ಹೋದಾಗ ಅಪ್ಪನಿಗೆ ಏಳನೇ ನಂಬರ್ ಫಾರಂ ತುಂಬಿ ಕೊಟ್ಟಿದ್ದು ಶಾಲೆಯ ಮಾಸ್ತರು. ಅಪ್ಪ ಹೆಬ್ಬೆಟ್ಟು ಒತ್ತಿದರು. ಇವತ್ತು ನಾನು ಈ ಮೊಬೈಲಲ್ಲಿ ಬರೆಯುತ್ತಿದ್ದೇನೆ ಅಂದರೆ ಆ ಎರಡು ಎಕರೆಯಿಂದ.

ಸ್ವತಂತ್ರ ಪಕ್ಷದ ‘ಸ್ವಾತಂತ್ರ್ಯ’ದಲ್ಲಿ ನಮ್ಮದು ಇತ್ತಾ?

ಮಲ್ಪೆ_ಮಾರಾಯ
ಇರಲಿಲ್ಲ. ಅದನ್ನು ನಾನೂ ಅಲ್ಲ ಅನ್ನುವುದಿಲ್ಲ. ನಾನು ಹೇಳಿದ್ದು ಯಾರು ವೋಟು ಹಾಕಿದರು, ಯಾಕೆ ಅಂತ. ಸರಿಯೋ ತಪ್ಪೋ ಬೇರೆ.

ಪರ್ಮಿಟ್_ಬೇಡ
ಕುಂದಾಪ್ರದವರ ಮಾತಿಗೆ ಉತ್ತರ ಕೊಡುವುದು ಕಷ್ಟ, ಒಪ್ಪುತ್ತೇನೆ. ಆಸ್ತಿ ಹಕ್ಕು ಅಂತ ಕೂಗುವ ಪಕ್ಷ ಆಸ್ತಿಯೇ ಇಲ್ಲದವನಿಗೆ ಏನು ಕೊಡುತ್ತದೆ ಅನ್ನುವುದನ್ನು ಅವರು ಯೋಚಿಸಲಿಲ್ಲ. ಆದರೆ ಒಂದು ಮಾತು. ಅವರು ಹೇಳುತ್ತಿದ್ದ ಎಷ್ಟೋ ವಿಷಯ 1991ರಲ್ಲಿ ಕಾಂಗ್ರೆಸ್ಸೇ ಜಾರಿಗೆ ತಂದಿತು. ಸಿಮೆಂಟಿಗೆ ಪರ್ಮಿಟ್, ಸ್ಕೂಟರಿಗೆ ವರ್ಷಗಟ್ಟಲೆ ಕ್ಯೂ, ಮನೆಯ ರೇಡಿಯೋಗೂ ಪೋಸ್ಟಾಫೀಸಿನಲ್ಲಿ ಲೈಸೆನ್ಸ್. ಇದೆಲ್ಲ ಬೇಕಿತ್ತಾ ನಮಗೆ?

ಬಿಸಿಲು_ರಾಯಚೂರು
ರೇಡಿಯೋ ಲೈಸೆನ್ಸ್!! ನಮ್ಮ ಮನೆಯಲ್ಲಿ ಆ ಸಣ್ಣ ಪುಸ್ತಕ ಇತ್ತು, ವರ್ಷ ವರ್ಷ ಸ್ಟಾಂಪು ಹಚ್ಚಬೇಕಿತ್ತು. ಲೈಸೆನ್ಸ್ ಕಟ್ಟದೆ ನಮ್ಮ ಸೋದರಮಾವ ಬಿನಾಕಾ ಗೀತಮಾಲಾ ಕೇಳೋವಾಗ ಸೌಂಡು ಕಮ್ಮಿ ಇಟ್ಟುಕೊಳ್ಳುತ್ತಿದ್ದ.

ಸುಮಾ_ಚನ್ನರಾಯಪಟ್ಟಣ
ಹಹಹ. ಸೈಕಲ್ಲಿಗೂ ಮುನಿಸಿಪಾಲಿಟಿ ಬಿಲ್ಲೆ ಇರಲಿಲ್ವಾ?

ಬಿಸಿಲು_ರಾಯಚೂರು
ಇತ್ತು ಅಕ್ಕ. ಬಿಲ್ಲೆ ಇಲ್ಲ ಅಂದ್ರೆ ಗಾಲಿ ಗಾಳಿ ಬಿಡುತ್ತಿದ್ದರು.

ಲೆಕ್ಕದ_ಮೇಷ್ಟ್ರು
ವಿಷಯಕ್ಕೆ ಬನ್ನಿ. 1967ರಿಂದ 1971ಕ್ಕೆ ಬಿದ್ದಿದ್ದು ಯಾಕೆ? ಮತ 8.67ರಿಂದ 3 ಪರ್ಸೆಂಟಿಗೆ ಇಳಿಯಿತು. ನಮ್ಮಲ್ಲಿ 27ಕ್ಕೆ 27 ಸೀಟೂ ಇಂದಿರಾ ಕಾಂಗ್ರೆಸ್ಸಿಗೆ. ಬರೀ ರಾಜರ ಪಕ್ಷ ಆಗಿದ್ದರೆ ರಾಜರು ಎಲ್ಲಿಗೂ ಹೋಗಿರಲಿಲ್ಲವಲ್ಲ?

ಪರ್ಮಿಟ್_ಬೇಡ
ದುಡ್ಡಿನ ಹರಿವು ನಿಲ್ಲಿಸಿದರು, ಅದನ್ನು ಯಾರೂ ಹೇಳುವುದಿಲ್ಲ. ಶುರುವಿನಲ್ಲಿ ಕಂಪನಿಗಳು ಪಕ್ಷಗಳಿಗೆ ಕಾನೂನುಬದ್ಧವಾಗಿ ದೇಣಿಗೆ ಕೊಡಬಹುದಿತ್ತು. ಜೆ.ಆರ್.ಡಿ. ಟಾಟಾ 1961ರಲ್ಲಿ ನೆಹರೂಗೇ ಪತ್ರ ಬರೆದು, ಕಾಂಗ್ರೆಸ್ಸಿಗೆ ಕೊಡುವುದರ ಜೊತೆಗೆ ಸ್ವತಂತ್ರಕ್ಕೂ ಕೊಡುತ್ತೇವೆ ಅಂತ ತಿಳಿಸಿದ್ದರು. ಅಂಥ ಕಾಲ! 1969ರಲ್ಲಿ ಇಂದಿರಾ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧ ಮಾಡಿತು. ಲೆಕ್ಕದಲ್ಲಿ ತೆಗೆದುಕೊಳ್ಳುತ್ತಿದ್ದವರಿಗೆ ಹೊಡೆತ ಬಿತ್ತು. ಲೆಕ್ಕ ಇಲ್ಲದೆ ತೆಗೆದುಕೊಳ್ಳುವವರಿಗೆ ಏನಾಗುತ್ತದೆ?

ಕೆಂಪು_ಮಣ್ಣು
‘ರಾಜರ ಪಕ್ಷ ಅಲ್ಲ’ ಅಂದಿರಿ, ಈಗ ‘ಟಾಟಾ ದುಡ್ಡು ನಿಂತಿದ್ದಕ್ಕೆ ಸತ್ತಿತು’ ಅಂತೀರಿ. ಇದು ನಿಮ್ಮ ವಾದಕ್ಕೆ ಸಹಾಯ ಮಾಡುತ್ತಾ ಅಂತ ನೀವೇ ಯೋಚಿಸಿ.

ಮಲ್ಪೆ_ಮಾರಾಯ
ನನಗೆ ಗೊತ್ತಿರುವ ಪ್ರಕಾರ ಇಲ್ಲಿ ಮುಳುಗಿಸಿದ್ದು ಬ್ಯಾಂಕು. 1969ರ ಜುಲೈನಲ್ಲಿ 14 ಬ್ಯಾಂಕು ರಾಷ್ಟ್ರೀಕರಣ ಆಯಿತಲ್ಲ, ಅದರಲ್ಲಿ ಎರಡು ನಮ್ಮ ಕರಾವಳಿಯಲ್ಲೇ ಹುಟ್ಟಿದವು, ಕೆನರಾ ಮತ್ತು ಸಿಂಡಿಕೇಟ್. ಅದನ್ನು ಸುಪ್ರೀಂ ಕೋರ್ಟಿಗೆ ಒಯ್ದವರು ಯಾರು? ಸ್ವತಂತ್ರ ಪಕ್ಷದ ಆರ್.ಸಿ. ಕೂಪರ್. ಪಾಲ್ಖೀವಾಲಾ ವಾದ ಮಾಡಿದರು, 1970ರ ಫೆಬ್ರವರಿಯಲ್ಲಿ ಗೆದ್ದರು ಕೂಡ. ಕಾನೂನು ಬಿದ್ದುಹೋಯಿತು. ಸರ್ಕಾರ ಕೂಡಲೇ ಇನ್ನೊಂದು ತಂದಿತು, ಅದು ಬೇರೆ ಮಾತು.

ಈಗ ನೀವು ಒಬ್ಬ ಹೋಟೆಲ್ ಮಾಣಿ ಅಂತ ಇಟ್ಟುಕೊಳ್ಳಿ. ಪಿಗ್ಮಿ ಏಜೆಂಟ್ ಸಂಜೆ ಬಂದು ನಿಮ್ಮಿಂದ ನಾಲ್ಕಾಣೆ ತೆಗೆದುಕೊಂಡು ಹೋಗುತ್ತಾನೆ. ಸಾಲ ಅಂದರೆ ದೊಡ್ಡವರಿಗೆ ಮಾತ್ರ. ಇಂದಿರಾ ‘ಬ್ಯಾಂಕು ಬಡವರದ್ದು’ ಅಂತಾರೆ, ಈ ಪಕ್ಷದವರು ‘ಶೇರುದಾರರಿಗೆ ಸರಿಯಾದ ಪರಿಹಾರ ಸಿಕ್ಕಿಲ್ಲ’ ಅಂತಾರೆ. ಎರಡೂ ನಿಜವೇ ಇರಬಹುದು. ವೋಟು ಯಾರಿಗೆ?

ದುರ್ಗದ_ಹೈದ
ಇದಕ್ಕೆ ರಾಜಧನವನ್ನೂ ಸೇರಿಸಿ, ಅಂದರೆ ಹಳೇ ರಾಜರಿಗೆ ಸರ್ಕಾರ ವರ್ಷ ವರ್ಷ ಕೊಡುತ್ತಿದ್ದ ದುಡ್ಡು. 1970ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಅದನ್ನು ರದ್ದು ಮಾಡುವ ಮಸೂದೆ ಒಂದು ವೋಟಿನಿಂದ ಬಿತ್ತು. ಆಮೇಲೆ ರಾಷ್ಟ್ರಪತಿ ಆಜ್ಞೆ, ಅದನ್ನೂ ಕೋರ್ಟು ಹೊಡೆದು ಹಾಕಿತು. ಕೋರ್ಟಿನಲ್ಲಿ ಗೆದ್ದಷ್ಟೂ ಬೀದಿಯಲ್ಲಿ ಸೋತರು. ಆ ಕಡೆಯಿಂದ ‘ಗರೀಬಿ ಹಟಾವೋ’, ಈ ಕಡೆಯಿಂದ ‘ಇಂದಿರಾ ಹಟಾವೋ’. ಅದೂ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ (1969ರಲ್ಲಿ ಪಕ್ಷ ಒಡೆದಾಗ ಇಂದಿರಾ ವಿರುದ್ಧ ನಿಂತ ಬಣ), ಜನಸಂಘ, ಸಂಯುಕ್ತ ಸೋಷಲಿಸ್ಟರು, ಸ್ವತಂತ್ರ ಎಲ್ಲ ಒಂದೇ ಮೈತ್ರಿಯಲ್ಲಿ. ಪರ್ಮಿಟ್ ರಾಜ್ ನಡೆಸಿದವರೇ ಪಕ್ಕದಲ್ಲಿ ಕೂತಿದ್ದಾರೆ, ಸಮಾಜವಾದಿಗಳು ಇನ್ನೊಂದು ಪಕ್ಕ. ಇವರು ಯಾವುದಕ್ಕೆ ನಿಂತಿದ್ದಾರೆ ಅಂತ ಯಾರಿಗೆ ಗೊತ್ತಾಗಬೇಕು?

ಲೀಡ್ಸ್_ಗೌಡ
ತಡವಾಗಿ ಬಂದೆ. ಇಲ್ಲಿ ಬ್ರಿಟನ್ನಿನಲ್ಲಿ ಕೂತು ಓದುತ್ತಿದ್ದರೆ ಬೇರೆಯೇ ತರ ಕಾಣುತ್ತೆ. 2024ರ ಚುನಾವಣೆಯಲ್ಲಿ ಇಲ್ಲಿನ ರಿಫಾರ್ಮ್ ಪಕ್ಷಕ್ಕೆ 14 ಪರ್ಸೆಂಟ್ ಮತ, ಸೀಟು ಐದೇ ಐದು. ಲಿಬರಲ್ ಡೆಮಾಕ್ರಟ್‌ಗಳಿಗೆ 12 ಪರ್ಸೆಂಟ್, ಸೀಟು 72. ಮೇಷ್ಟ್ರು ಹೇಳಿದ ಸ್ವತಂತ್ರ, ಜನಸಂಘದ ಲೆಕ್ಕವೇ. ವೋಟು ಎಷ್ಟು ಅನ್ನೋದಕ್ಕಿಂತ ಎಲ್ಲಿ ಅನ್ನೋದು ಮುಖ್ಯ. ಆದರೆ ಗಟ್ಟಿಯಾಗಿ ಕೂತ ವೋಟಿಗೆ ಇನ್ನೊಂದು ತೊಂದರೆ ಇದೆ. ಆ ಊರಿನ ನಾಯಕ ಎದ್ದು ಹೋದರೆ ಪೂರ್ತಿ ಹೋಗುತ್ತೆ. ಗುಜರಾತಿನಲ್ಲಿ 66 ಇದ್ದದ್ದು 1972ರಲ್ಲಿ ಎಷ್ಟಾಯಿತು?

ಲೆಕ್ಕದ_ಮೇಷ್ಟ್ರು
ಸೊನ್ನೆ.

ಲೀಡ್ಸ್_ಗೌಡ
ಅಬ್ಬಾ.

ಪರ್ಮಿಟ್_ಬೇಡ
ಗಾಯತ್ರಿ ದೇವಿ ಮಾತ್ರ 1971ರಲ್ಲೂ ಗೆದ್ದರು, ಗೋಧ್ರಾದಲ್ಲಿ ಪೀಲೂ ಮೋದಿಯೂ ಗೆದ್ದರು. ಪೀಲೂ ಗೊತ್ತಲ್ವಾ? ಎಲ್ಲದಕ್ಕೂ ಸಿಐಎ ಕೈವಾಡ ಅಂತ ಸರ್ಕಾರ ಹೇಳುತ್ತಿದ್ದಾಗ ‘ನಾನು ಸಿಐಎ ಏಜೆಂಟ್’ ಅಂತ ಬಿಲ್ಲೆ ನೇತು ಹಾಕಿಕೊಂಡು ಪಾರ್ಲಿಮೆಂಟಿಗೆ ಬಂದ ಮನುಷ್ಯ. ಇಂಥವರು ಈಗ ಎಲ್ಲಿದ್ದಾರೆ?

ಇನ್ನೊಂದು ವಿಷಯ ಯಾರೂ ಮುಟ್ಟಲಿಲ್ಲ. ಪಕ್ಷದ 21 ಮೂಲ ತತ್ವಗಳ ಆಚೆಗಿನ ಯಾವ ವಿಷಯದಲ್ಲಾದರೂ ಸದಸ್ಯರು ತಮಗೆ ತೋಚಿದಂತೆ ಮಾತಾಡಬಹುದಿತ್ತು, ವೋಟು ಹಾಕಬಹುದಿತ್ತು. ಇವತ್ತು ವಿಪ್, ಅಂದರೆ ಹೀಗೇ ವೋಟು ಹಾಕಿ ಅನ್ನುವ ಪಕ್ಷದ ಆಜ್ಞೆ ಮೀರಿದರೆ ಸೀಟೇ ಹೋಗುತ್ತೆ.

ಕೆಂಪು_ಮಣ್ಣು
ಅದು ತತ್ವವೋ, ರಾಜರನ್ನೂ ರೈತರನ್ನೂ ಬಾಂಬೆ ಸಾಹುಕಾರರನ್ನೂ ಒಂದೇ ಚೀಲದಲ್ಲಿ ಹಿಡಿದಿಡೋಕೆ ಬೇರೆ ದಾರಿ ಇಲ್ಲದೆಯೋ? ರಾಜಾಜಿಯವರನ್ನೇ ನೋಡಿ. 1938ರ ಹೊತ್ತಿಗೆ ಮದ್ರಾಸಿನಲ್ಲಿ ಹಿಂದಿ ಕಡ್ಡಾಯ ಮಾಡಿದವರು ಅವರು. 1967ರಲ್ಲಿ ಹಿಂದಿ ವಿರೋಧಿ ಡಿಎಂಕೆ ಜೊತೆ ಮೈತ್ರಿ. ರಾಜಸ್ಥಾನದ ಸ್ವತಂತ್ರದವರಿಗೆ ಅದನ್ನು ಹೇಗೆ ವಿವರಿಸಿದರೋ.

ಹೊಸೂರು_ಬಾರ್ಡರ್
ರಾಜಾಜಿ ನಮ್ಮ ಹೊಸೂರು ಪಕ್ಕದ ತೊರಪ್ಪಳ್ಳಿಯವರು, ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. ಸುಮ್ನೆ ಹೇಳಿದೆ.

ದುರ್ಗದ_ಹೈದ
ಬೆಂಗಳೂರಿನ ನಂಟು ಇನ್ನೂ ಇದೆ. ಸಂಸ್ಥಾನಗಳನ್ನು ಸೇರಿಸಲು ಪಟೇಲರಿಗೆ ಬಲಗೈ ಆಗಿದ್ದ ವಿ.ಪಿ. ಮೆನನ್ ನಿವೃತ್ತಿ ಆದ ಮೇಲೆ ಬೆಂಗಳೂರಿನಲ್ಲೇ ನೆಲೆಸಿದ್ದರು, ಈ ಪಕ್ಷ ಸೇರಿದ್ದರು. ಯೋಚನೆ ಮಾಡಿ, ಸಂಸ್ಥಾನ ಬಿಡಿಸಿಕೊಂಡವರು, ಬಿಟ್ಟುಕೊಟ್ಟವರು ಇಬ್ಬರೂ ಒಂದೇ ಪಕ್ಷದಲ್ಲಿ! ಫಿಲಿಪ್ ಸ್ಪ್ರಾಟ್ ಕೂಡ. ಮೀರತ್ ಪಿತೂರಿ ಕೇಸಿನಲ್ಲಿ ಜೈಲಿಗೆ ಹೋದ ಇಂಗ್ಲಿಷ್ ಕಮ್ಯುನಿಸ್ಟ್, ಆಮೇಲೆ ಕಮ್ಯುನಿಸಂ ಬಿಟ್ಟು ಬೆಂಗಳೂರಿನಲ್ಲಿ ‘ಮೈಸ್‌ಇಂಡಿಯಾ’ ವಾರಪತ್ರಿಕೆ ನಡೆಸಿ, ಕೊನೆಗೆ ಮದ್ರಾಸಿಗೆ ಹೋಗಿ ರಾಜಾಜಿ ಬರೆಯುತ್ತಿದ್ದ ‘ಸ್ವರಾಜ್ಯ’ ಪತ್ರಿಕೆಗೆ ಸಂಪಾದಕರಾದರು.

ಕುಂದಾಪ್ರ_ಒಕ್ಲು
ಎಲ್ಲ ದೊಡ್ಡ ದೊಡ್ಡ ಹೆಸರು. ಬೂತಿನಲ್ಲಿ ಕೂರುವವರು ಯಾರಿದ್ದರು? ನಮ್ಮ ಅಪ್ಪ ಹೇಳುತ್ತಿದ್ದುದು, ಕಾಂಗ್ರೆಸ್ಸಿನವರು ಜಗಲಿಗೆ ಬಂದು ಕೂರುತ್ತಿದ್ದರು, ಕಮ್ಯುನಿಸ್ಟರು ಗದ್ದೆಗೇ ಬರುತ್ತಿದ್ದರು. ಸ್ವತಂತ್ರದ ಕಾರು ರಸ್ತೆಯಲ್ಲೇ ನಿಂತು ಹೋಗುತ್ತಿತ್ತಂತೆ.

ಸುಮಾ_ಚನ್ನರಾಯಪಟ್ಟಣ
👆 ಇದು. ಇಷ್ಟೊತ್ತು ಹೇಳಿದ್ದರಲ್ಲಿ ನನಗೆ ಒಪ್ಪಿಗೆಯಾದ ಕಾರಣ ಇದೊಂದೇ. ನಮ್ಮ ಅಜ್ಜ ಒಂದು ಸಲ ಸಿಟ್ಟಿಗೆ ಹಾಕಿದರು. ಮುಂದಿನ ಸಲ ಮಳೆ ಬಂತು, ಲೆವಿ ಸಡಿಲ ಆಯಿತು, ಸಿಟ್ಟು ಇಳಿಯಿತು. ಆ ವೋಟನ್ನು ಹಿಡಿದಿಟ್ಟುಕೊಳ್ಳೋಕೆ ಊರಲ್ಲಿ ಪಕ್ಷದವರು ಅಂತ ಒಬ್ಬರೂ ಇರಲಿಲ್ಲ.

ಪರ್ಮಿಟ್_ಬೇಡ
ಆದರೂ ಆ ಯೋಚನೆ ಸತ್ತಿಲ್ಲ. ಮಹಾರಾಷ್ಟ್ರದಲ್ಲಿ ಶರದ್ ಜೋಶಿ 1994ರಲ್ಲಿ ಸ್ವತಂತ್ರ ಭಾರತ ಪಕ್ಷ ಕಟ್ಟಿದ್ದು ರಾಜಾಜಿ ಹೆಸರು ನೆನೆದೇ. ಹಸಿರು ಶಾಲು ಹಾಕಿದ ನಮ್ಮ ರೈತ ಸಂಘದ ನಂಜುಂಡಸ್ವಾಮಿ ಡಂಕೆಲ್ ಅನ್ನುವ ವಿಶ್ವ ವ್ಯಾಪಾರ ಒಪ್ಪಂದದ ವಿರುದ್ಧ ನಿಂತಾಗ, ಜೋಶಿ ‘ರೈತನಿಗೆ ಮಾರುಕಟ್ಟೆ ಬಿಟ್ಟುಕೊಡಿ’ ಅಂತಿದ್ದರು. ರೈತರೆಲ್ಲ ಒಂದೇ ತರ ಯೋಚಿಸುತ್ತಾರೆ ಅನ್ನುವುದೇ ಸುಳ್ಳು.

ಕೆಂಪು_ಮಣ್ಣು
ಜೋಶಿಗೂ ಸೀಟು ಎಷ್ಟು ಬಂತು ಅಂತ ಕೇಳಲ್ಲ, ಬಿಡಿ. 2020ರಲ್ಲಿ ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆಯಿಂದ 79ಎ, 79ಬಿ ಸೆಕ್ಷನ್ ತೆಗೆದು ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿದರಲ್ಲ. ಪಕ್ಷ ಇಲ್ಲದೆಯೇ ಅವರ ಕೆಲಸ ಆಗುತ್ತಿದೆ.

ಬಿಸಿಲು_ರಾಯಚೂರು
ಒಂದು ಡೌಟು. ಇವತ್ತು ಯಾರಾದರೂ ಅದೇ ತತ್ವ ಇಟ್ಟುಕೊಂಡು ಪಕ್ಷ ರಿಜಿಸ್ಟರ್ ಮಾಡಿಸಬಹುದಾ?

ಲೆಕ್ಕದ_ಮೇಷ್ಟ್ರು
ಪ್ರಾಮಾಣಿಕವಾಗಿ ಮಾಡೋಕೆ ಆಗಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಪ್ರಕಾರ ಹೊಸ ಪಕ್ಷ ಸಮಾಜವಾದಕ್ಕೆ ನಿಷ್ಠೆ ಇದೆ ಅಂತ ಬರೆದುಕೊಡಬೇಕು. ಮಹಾರಾಷ್ಟ್ರದಲ್ಲಿ ಉಳಿದಿದ್ದ ಸ್ವತಂತ್ರದವರು ಈ ಷರತ್ತಿನ ವಿರುದ್ಧ ತೊಂಬತ್ತರ ದಶಕದಲ್ಲಿ ಬಾಂಬೆ ಹೈಕೋರ್ಟಿಗೆ ಹೋದರು. ಸುಳ್ಳು ಬರೆದುಕೊಟ್ಟು ರಿಜಿಸ್ಟರ್ ಮಾಡಿಸಲ್ಲ ಅಂತ ಅವರ ಹಟ.

ಬಿಸಿಲು_ರಾಯಚೂರು
ಉಳಿದವರೆಲ್ಲ ಬರೆದುಕೊಟ್ಟಿದ್ದಾರಾ? ಎಲ್ಲರೂ?

ಲೆಕ್ಕದ_ಮೇಷ್ಟ್ರು
ಎಲ್ಲರೂ.

ದುರ್ಗದ_ಹೈದ
ಸರಿ, ಹಾಸನ, ಉಡುಪಿ ಕಥೆ ಸಿಕ್ಕಿತು. ಇಮಾಂ ಸಾಹೇಬರ ಪ್ರಚಾರ ನೋಡಿದ ಜಗಳೂರು, ಚಳ್ಳಕೆರೆ ಕಡೆಯ ಹಿರಿಯರು ಯಾರಾದರೂ ನಿಮ್ಮ ಮನೆಯಲ್ಲಿದ್ದರೆ ಒಂದು ಮಾತು ಕೇಳಿ ಇಲ್ಲಿ ಹಾಕಿ. ಎರಡು ಚುನಾವಣೆಯಲ್ಲೂ ವೋಟು ಹಾಕಿದವರು ಸಿಕ್ಕರಂತೂ ಇನ್ನೂ ಒಳ್ಳೆಯದು.